ತಾಯವ್ವ ಕೇಳುವುದನ್ನು ಬಿಟ್ಟ ಮೇಲೆ

ವೈಶಾಖದ ಬಿಸಿಲು ನವನಗರದ ಡಾಂಬರು ರಸ್ತೆಗಳ ಮೇಲೆ ಕುದಿಯತೊಡಗಿದ್ದ ಹೊತ್ತಿಗೆ, 'ಸಂಧ್ಯಾಶ್ರಯ'ವೆಂಬ ವೃದ್ಧಾಶ್ರಮದ ಅಡುಗೆಮನೆಗೆ ತಾಯವ್ವನ ಪಾಲಿನ ಗಂಜಿಯ ಬಟ್ಟಲು ಮುಟ್ಟದ ಹಾಗೆಯೇ ಹಿಂದಿರುಗಿತು. ಅದನ್ನು ತಂದ ಆಯಾ ಬಾನುಬಿ ಬಾಗಿಲಲ್ಲೇ ನಿಂತಳು.

"ಆಯಿ ಖೋಲ್ಯಾಗ ಇಲ್ರಿ ಮೇಡಂ. ಬಚ್ಚಲದಾಗ ಇಲ್ಲ, ಹಿತ್ತಲದಾಗ ಇಲ್ಲ. ತಾಂಬ್ರದ ತಂಬಿಗೀನೂ ಇಲ್ಲ."

ಆಶ್ರಮದ ಆರೈಕೆಯ ಹೊಣೆ ಹೊತ್ತಿದ್ದ ರಾಧಿಕಾ ಗಣಕಯಂತ್ರದ ಮುಂದಿನಿಂದ ಎದ್ದಳು. ಆ ದಿನ ಮಧ್ಯಾಹ್ನ ಅವಳ ಸ್ನಾತಕೋತ್ತರ ಪದವಿಯ ಮೌಖಿಕ ಪರೀಕ್ಷೆಯಿತ್ತು. ಮುದುಕರ ನಡುವೆ ದುಡಿಯುವವರಿಗಾಗಿಯೇ ವಿಶ್ವವಿದ್ಯಾಲಯವೊಂದು ತೆರೆದಿದ್ದ ವೃದ್ಧಾಪ್ಯಶಾಸ್ತ್ರದ ತರಗತಿಗೆ ಅವಳು ಸೇರಿದ್ದಳು. ವಾರವೆಲ್ಲ ಕೆಲಸ, ಶನಿವಾರ ಭಾನುವಾರ ಪರದೆಯ ಮೇಲೆ ಪಾಠ. ಹುನಗುಂದದ ತವರಿನವರು, ಮುಪ್ಪನ್ನು ಓದಿ ಕಲಿಯುವುದೇನಿದೆಯೆಂದು ನಕ್ಕಿದ್ದರು. ಅವಳಿಗೋ ಅದು ತಪಸ್ಸಿನಂತೆ ಒಲಿದಿತ್ತು. ಮಾಗಿದ ಜೀವಗಳ ಮುಂದೆ ಅಜ್ಞಾನದಿಂದ ಕೈಯಾಡಿಸುವುದು ಪಾಪವೆಂದು ಬಗೆದವಳು ಅವಳು.

ಅವಳ ಪ್ರಬಂಧದ ವಿಷಯವೇ ತಾಯವ್ವ.

ತಾಯವ್ವ ಹಳೆಯ ಬಾಗಲಕೋಟೆಯಲ್ಲಿ ಖಾನಾವಳಿ ನಡೆಸಿದವಳು. ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಎಲ್ಲರಂತೆ ನವನಗರಕ್ಕೆ ಬಂದವಳು. ಮಕ್ಕಳಿಲ್ಲ, ಗಂಡ ಎಂದೋ ತೀರಿಕೊಂಡಿದ್ದ. ನೆನಪು ಸಡಿಲವಾಗುತ್ತ ಬಂದ ಮೇಲೆ ಓಣಿಯವರೇ ತಂದು ಆಶ್ರಮಕ್ಕೆ ಸೇರಿಸಿದ್ದರು. ದಿನವೂ ಅವಳದೊಂದೇ ಪ್ರಶ್ನೆ: "ಬಾಗಲಕೋಟಿಗೆ ಹೋಗೂದು ಯಾವಾಗ?" ಸೋಮವಾರ ಇನ್ನೊಂದು ಸೇರುತ್ತಿತ್ತು: "ಹೊಳಿ ನೀರು ತಂದ್ರೇನು?" ಕೊರಳಿನ ಬೆಳ್ಳಿಯ ಕರಡಿಗೆಯಲ್ಲಿದ್ದ ಇಷ್ಟಲಿಂಗಕ್ಕೆ ಸೋಮವಾರದಂದು ಘಟಪ್ರಭೆಯ ನೀರೆರೆಯದೆ ಗುಟುಕು ನೀರನ್ನೂ ಗಂಟಲಿಗಿಳಿಸದ ನೇಮ ಅವಳದು. ಮದುವೆಯಾಗಿ ಬಂದ ವರ್ಷ ಅತ್ತೆ ಹಿಡಿಸಿದ ನೇಮ. ಬಾನುಬಿ ತಂಬಿಗೆಯನ್ನು ನಳದ ಕೆಳಗೆ ತುಂಬಿ ಮುಂದಿಡುತ್ತಿದ್ದಳು. ಮುದುಕಿ ಕಣ್ಣಿಗೊತ್ತಿಕೊಂಡು ಲಿಂಗಕ್ಕೆರೆದು, ಆ ಕರುಣೋದಕವನ್ನು ಸೇವಿಸಿ, ಆಮೇಲೆ ಗಂಜಿಗೆ ಕೈಹಾಕುತ್ತಿದ್ದಳು. ಯಾರೂ ಏನೂ ಹೇಳುತ್ತಿರಲಿಲ್ಲ.

ಹೇಳಿದವಳು ರಾಧಿಕಾ. ನೆನಪು ತಪ್ಪಿದವರಿಗೆ ಕಾಲ, ಸ್ಥಳ, ವ್ಯಕ್ತಿಗಳ ನಿಜವನ್ನು ಮೆಲ್ಲಗೆ, ಮತ್ತೆ ಮತ್ತೆ ತಿಳಿಸುತ್ತಿದ್ದರೆ ಅವರ ಬುದ್ಧಿಗೆ ಊರುಗೋಲು ಸಿಕ್ಕೀತೆಂಬ ಕ್ರಮವೊಂದನ್ನು ಅವಳು ಓದಿದ್ದಳು. ತಾಯವ್ವನ ಗೋಡೆಗೆ ಹಲಗೆಯೊಂದನ್ನು ತೂಗುಹಾಕಿ ಪ್ರತಿ ಬೆಳಿಗ್ಗೆ ದಪ್ಪ ಅಕ್ಷರಗಳಲ್ಲಿ ಬರೆಯುತ್ತಿದ್ದಳು: ಇಂದು ಇಂಥ ವಾರ. ಇದು ನವನಗರ. ಹಳೆಯ ಊರು ಮುಳುಗಿದೆ. ನೀರಿನ ಪ್ರಶ್ನೆ ಬಂದಾಗಲೂ ಅಷ್ಟೇ ನಿಷ್ಠೆಯಿಂದ ಉತ್ತರಿಸಿದ್ದಳು: "ಇದು ನಳದ ನೀರು, ಆಯಿ. ಹೊಳಿದಲ್ಲ." ಮುದುಕಿ ಈಗಷ್ಟೇ ಸಾವಿನ ಸುದ್ದಿ ಕೇಳಿದವಳಂತೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಿದ್ದಳು. ಮುಂದಿನ ಸೋಮವಾರ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಹೊಸ ಅಳು. ಸತ್ಯವನ್ನು ನುಡಿಯುವುದು ವ್ರತವಾದರೆ, ಕೇಳುವ ಕಿವಿ ಎಂಥದೆಂದು ಅರಿಯುವುದೂ ಆ ವ್ರತದ ಅಂಗವೇ. ಅದನ್ನು ಅವಳಿಗೆ ಹೇಳಬಲ್ಲವರು ಆಗ ಯಾರೂ ಇರಲಿಲ್ಲ.

ಬರಬರುತ್ತ ತಾಯವ್ವ ಕೇಳುವುದನ್ನು ಬಿಟ್ಟಳು. ಊರನ್ನೂ ಕೇಳಲಿಲ್ಲ, ಹೊಳೆಯನ್ನೂ ಕೇಳಲಿಲ್ಲ. ಗೋಡೆಯ ಹಲಗೆಯನ್ನು ನೋಡುತ್ತ ಕೂತಿರುತ್ತಿದ್ದಳು. ರಾಧಿಕಾ ಅದನ್ನು ಪ್ರಬಂಧದಲ್ಲಿ ಸುಧಾರಣೆಯೆಂದು ಬರೆದಳು. ಮಾರ್ಗದರ್ಶಕ ಪ್ರಬುದ್ಧ ಅವರು ಆ ಅಧ್ಯಾಯವನ್ನು ಮೆಚ್ಚಿದ್ದರು.

"ಬಾನುಬಿ, ಹ್ವಾದ ಸೋಮವಾರ ಆಯಿ ಪೂಜಿ ಮಾಡಿದ್ರಿಲ್ಲೊ?" ರಾಧಿಕಾ ಈಗ ಬಾಗಿಲಿಗೆ ಬಂದು ಕೇಳಿದಳು.

"ಹಣಿಗೆ ಈಬತ್ತಿ ಹಚ್ಚಿಕೊಂಡಿದ್ರಿ. ತಂಬಿಗಿ ನೀರು ಮಾತ್ರ ಹಂಗ ಇತ್ತು. ಸಂಜಿತನಕ ಏನೂ ತಿನ್ನಲಿಲ್ಲ. ಬ್ಯಾಸಿಗಿಗೆ ಹಸಿವಿಲ್ಲೇನೊ ಅಂದಕೊಂಡೆ."

ರಾಧಿಕಾ ತಾಯವ್ವನ ಕೋಣೆಗೆ ಓಡಿದಳು. ಹಾಸಿಗೆ ನೀಟಾಗಿತ್ತು. ಗೋಡೆಯ ಮೇಲೆ ಬೆಳಿಗ್ಗೆ ತಾನೇ ಬರೆದ ಅಕ್ಷರಗಳು: ಇಂದು ಸೋಮವಾರ.

ಹಲಗೆ ತನ್ನ ಕೆಲಸವನ್ನು ಮಾಡಿತ್ತು. ವಾರ ಯಾವುದೆಂದು ಮುದುಕಿಗೆ ತಿಳಿಸಿತ್ತು. ಇವರನ್ನು ಕೇಳಿ ಫಲವಿಲ್ಲವೆಂದುಕೊಂಡು ಅವಳು ತಾನೇ ಹೊಳೆಗೆ ಹೊರಟಿದ್ದಳು. ತುಟಿಗೆ ಹನಿ ನೀರು ಮುಟ್ಟಿಸದೆ, ಈ ಬಿಸಿಲಿನಲ್ಲಿ.

ಗೇಟಿನ ಕಾವಲುಗಾರ ಅಮಸಿದ್ದಪ್ಪ ಟೋಪಿ ಕಳಚಿ ಹಿಡಿದು ನಿಂತಿದ್ದ. "ನಾಷ್ಟಾ ಹೊತ್ತಿನಾಗ ನೋಡೀನ್ರಿ. ಬಲಕ್ಕ ಹೊಳ್ಳಿ ಹೊಂಟಿದ್ರು. ಕೈಯಾಗ ತಂಬಿಗಿ ಇತ್ತು. ಬಾಜೂಕಿನ ಗುಡಿಗೆ ಹೊಂಟಾರ ಅಂತ ತಿಳಕೊಂಡೆ. ತಡದಿದ್ರ ದೇವರಿಗೆ ಹೋಗೂದಕ್ಕ ಅಡ್ಡ ಬಂದಿ ಅಂತ ಬೈತಾರ."

ಗುಡಿಯಲ್ಲಿ ಯಾರೂ ಇರಲಿಲ್ಲ. ವ್ಯವಸ್ಥಾಪಕ ದುಂಡೇಶ ಪೊಲೀಸರಿಗೆ ತಿಳಿಸಿ, ಆಶ್ರಮದ ವ್ಯಾನನ್ನು ಎಡಕ್ಕೆ ತಿರುಗಿಸಿಕೊಂಡು ಹಳೆಯ ಊರಿನ ಹಿನ್ನೀರಿನ ದಂಡೆಗೆ ಧಾವಿಸಿದ. ನೀರನ್ನು ಹುಡುಕಿ ಹೊರಟವಳು ನೀರಿನತ್ತಲೇ ಹೋಗಿರಬೇಕೆಂಬುದು ಎಲ್ಲರ ತರ್ಕ.

ಪಡಸಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿದ್ದ ಮೀರಾಸಾಬ ಇದನ್ನೆಲ್ಲ ನೋಡುತ್ತಿದ್ದ. ಹಳೆಯ ಊರಿನಲ್ಲಿ ಟಾಂಗಾ ಹೊಡೆದವನು. ಕಾಲು ಸೋತಿದ್ದವು, ನಾಲಿಗೆ ಸೋತಿರಲಿಲ್ಲ.

"ಏ ಮಗಳ, ಗಾಡಿ ಎಡಕ್ಕ ಯಾಕ ಹೋತು?"

"ಹಳೇ ಊರಿನ ದಾರಿ ಎಡಕ್ಕ ಐತಿ, ಅಜ್ಜಾ."

"ಅದು ನಿನ್ನ ದಾರಿ. ಅಕಿದು ಬಲಕ್ಕ. ಖಾನಾವಳಿ ಹೊಚ್ಚಲ ದಾಟಿ ಹೊಳಿಗೆ ಹೋಗಬೇಕಂದ್ರ ಬಲಕ್ಕ ಹೊಳ್ಳಬೇಕು. ಅಲ್ಲೇ ಬಾಗಲಮುಂದ ನನ್ನ ಟಾಂಗಾ ನಿಂದರ್ತಿತ್ತು. ಅಕಿ ರೊಟ್ಟಿ ತಿಂದು ತಿಂದು ನನ್ನ ಹಲ್ಲು ಹ್ವಾದ್ವು, ನನಗ ಗೊತ್ತಿಲ್ಲೇನು?"

ರಾಧಿಕಾ ಬಲಗಡೆಯ ರಸ್ತೆಯತ್ತ ತಿರುಗಿದಳು. ಕೊನೆಗೆ ಕಲಿತದ್ದು ಮೊದಲು ಅಳಿಯುತ್ತದೆ, ಕಾಲುಗಳು ಕಲಿತದ್ದು ಕಡೆಯವರೆಗೆ ಉಳಿಯುತ್ತದೆ: ಇದನ್ನು ಅವಳು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದಳು. ತಾಯವ್ವ ನವನಗರದಲ್ಲಿ ನಡೆಯುತ್ತಿರಲಿಲ್ಲ. ಮುಳುಗಿದ ಊರಿನ ಓಣಿಗಳನ್ನು ಈ ರಸ್ತೆಗಳ ಮೇಲೆ ಹಾಸಿಕೊಂಡು ನಡೆದಿದ್ದಳು.

"ಅಜ್ಜಾ, ಆ ದಾರಿ ನಿಮಗ ನೆನಪೈತೇನು?"

"ಕುರ್ಚಿ ನೂಕು."

ಒದ್ದೆ ಮಾಡಿದ ವಲ್ಲಿಯೊಂದನ್ನು ಮುದುಕನ ತಲೆಯ ಮೇಲೆ ಹೊದಿಸಿ, ನಳದ ನೀರು ತುಂಬಿದ ಬಾಟಲಿಗಳನ್ನು ಅವನ ತೊಡೆಯ ಮೇಲಿಟ್ಟು, ರಾಧಿಕಾ ಗಾಲಿಕುರ್ಚಿಯನ್ನು ಬಲಕ್ಕೆ ತಿರುಗಿಸಿದಳು. ಒಂದೇ ಅಚ್ಚಿನಲ್ಲಿ ಎರೆದಂತಿದ್ದ ಮನೆಗಳು, ಒಂದೇ ಅಗಲದ ಅಡ್ಡರಸ್ತೆಗಳು. ಬಿಸಿಲಿಗೆ ಹೆದರಿ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಯಾರನ್ನಾದರೂ ಕೇಳೋಣವೆಂದರೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ.

"ಗಿರಣಿ ಬರೂತನಕ ನೆಟ್ಟಗ ನಡಿ. ಅಲ್ಲಿ ಎಡಕ್ಕ."

"ಇಲ್ಲಿ ಗಿರಣಿ ಎಲ್ಲಿ ಬರ್ತೈತಿ ಅಜ್ಜಾ!"

"ಬರೂದಿಲ್ಲ, ನನಗೂ ಗೊತ್ತೈತಿ. ಹಿಟ್ಟಿನ ವಾಸನಿ ಬಂದಕೂಡ್ಲೆ ನನ್ನ ಕುದರಿ ಸೀನತಿತ್ತು. ಹಾಂ, ಇಲ್ಲೇ. ಹೊಳ್ಳು."

ತಿರುಗಿದರು. ಆ ಅಡ್ಡರಸ್ತೆ ಕಂಪೌಂಡ್ ಗೋಡೆಯೊಂದಕ್ಕೆ ಮುಟ್ಟಿ ಸತ್ತಿತು. ಗೋಡೆಯ ಬುಡ, ಗಟಾರು, ನಿಂತ ಲಾರಿಯ ಅಡಿ, ಎಲ್ಲಿಯೂ ತಾಯವ್ವನಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದುಂಡೇಶ: "ದಂಡಿ ಉದ್ದಕ್ಕೂ ನೋಡಿದೆ, ಮೇಡಂ. ಯಾರೂ ಇಲ್ಲ. ಮೀನ ಹಿಡಿಯಾವರನ್ನೂ ಕೇಳಿದೆ." ಅದನ್ನು ಇಡುವಷ್ಟರಲ್ಲಿ ಪ್ರಬುದ್ಧ ಅವರ ಕರೆ. ಪರೀಕ್ಷಕರು ಬೇಗನೆ ಆರಂಭಿಸುವರಂತೆ, ಅವಳು ಸಿದ್ಧಳಿರಬೇಕಂತೆ. "ಸರ್, ಈಗ ಆಗೂದಿಲ್ರಿ," ಎಂದಷ್ಟೇ ಹೇಳಿ ಅವಳು ಕರೆಯನ್ನು ಕತ್ತರಿಸಿದಳು. ಆ ಧೈರ್ಯ ತನಗೆಲ್ಲಿಂದ ಬಂತೆಂದು ಯೋಚಿಸಲೂ ಅವಳಿಗೆ ವ್ಯವಧಾನವಿರಲಿಲ್ಲ.

"ನೆನಪಿಲ್ಲಂದ್ರ ಇಲ್ಲ ಅನ್ರಿ!" ಅವಳು ಮುದುಕನ ಮೇಲೆ ಚೀರಿದಳು. "ಅಲ್ಲಿ ಆಯಿ ಸಾಯಾಕತ್ತಾರ, ನೀವಿಲ್ಲಿ ಕುದರಿ ಸೀನಿಸಾಕತ್ತೀರಿ!"

ಮೀರಾಸಾಬ ತೊಡೆಯ ಮೇಲಿನ ಬಾಟಲಿಗಳನ್ನು ಸರಿಪಡಿಸಿಕೊಂಡ.

"ನನಗೆಲ್ಲಿ ಓಣಿ ಗೊತ್ತಿದ್ವು ಮಗಳ? ನನಗ ಕುದರಿ ಗೊತ್ತಿತ್ತು. ಓಣಿ ಕುದರಿಗೆ ಗೊತ್ತಿದ್ವು." ಆಮೇಲೆ ತಲೆಯೆತ್ತಿದ. "ತಪ್ಪು ನಂದ. ನಾ ಕುದರಿ ಓಡಸಾಕತ್ತೇನಿ. ಅಕಿ ನಡಕೊಂಡು ಹೋಗಾಕಿ. ಹಿಂದಕ್ಕ ಹೊಳ್ಳು. ಮತ್ತ ಮೊದಲಿಂದ. ಮುದುಕಿ ಹಂಗ ನಡಿ."

ಕ್ಷಣಕ್ಷಣವೂ ಪ್ರಾಣವನ್ನು ಹೀರುತ್ತಿದ್ದ ಆ ಬಿಸಿಲಿನಲ್ಲಿ ಮೆಲ್ಲಗೆ ನಡೆಯುವುದಕ್ಕಿಂತ ದೊಡ್ಡ ಶಿಕ್ಷೆಯಿರಲಿಲ್ಲ. ಓಡಬೇಕೆಂದು ಕಾಲುಗಳು ಕುಣಿಯುತ್ತಿದ್ದವು. ರಾಧಿಕಾ ಹಲ್ಲು ಕಚ್ಚಿ, ತಾಯವ್ವನಂತೆ ಸೊಂಟವನ್ನು ಒಂದಿಷ್ಟು ಬಾಗಿಸಿ, ಹೆಜ್ಜೆಗೊಮ್ಮೆ ತಡೆದು, ಕುರ್ಚಿಯನ್ನು ನೂಕಿದಳು. ಆಶ್ರಮದ ಬಾಗಿಲಿನಿಂದ ಮತ್ತೆ ಬಲಕ್ಕೆ. ಮೀರಾಸಾಬ ಕಣ್ಣು ಮುಚ್ಚಿಕೊಂಡು ಲೆಕ್ಕವಿಲ್ಲದ ಯಾವುದೋ ಲಯಕ್ಕೆ ಬೆರಳಾಡಿಸುತ್ತಿದ್ದ. ಮೊದಲು ತಿರುಗಿದ ಅಡ್ಡರಸ್ತೆಯನ್ನು ಬಿಟ್ಟು ಮುಂದಿನದರಲ್ಲಿ, "ಇಲ್ಲಿ," ಎಂದ. ಎಡಕ್ಕೆ ತಿರುಗಿದರು.

"ಇನ್ನ ಹಣಮಪ್ಪನ ಕಟ್ಟಿ ಬರ್ತೈತಿ. ಅಕಿ ಅಲ್ಲಿ ನಿಂತು ಕಲ್ಲಿಗೆ ಈಬತ್ತಿ ಹಚ್ಚಲಾರದ ಮುಂದ ಹೋಗಾಕಿ ಅಲ್ಲ. ನಾ ಹಾಸ್ಯ ಮಾಡ್ತಿದ್ದೆ, ಆ ದೇವರನ್ನೂ ನಿನ್ನ ಉದ್ರಿ ಗಿರಾಕಿಗಳ ಕಡಿಂದ ವಸೂಲಿ ಮಾಡಾಕ ಕಳಿಸ್ತೀಯೇನ ತಾಯವ್ವಾ ಅಂತ."

ಕಟ್ಟೆ ಎಲ್ಲಿಂದ ಬಂದೀತು? ರಸ್ತೆಯ ತಿರುವಿನಲ್ಲಿ ಇದ್ದದ್ದು ದೂರವಾಣಿಯವರ ತುಕ್ಕುಹಿಡಿದ ಕಬ್ಬಿಣದ ಪೆಟ್ಟಿಗೆ. ಅದನ್ನು ದಾಟಿ ಹೋಗುತ್ತಿದ್ದ ರಾಧಿಕಾ ಥಟ್ಟನೆ ನಿಂತಳು. ಪೆಟ್ಟಿಗೆಯ ನೆತ್ತಿಯ ಮೇಲೆ ಮೂರು ಬೆರಳುಗಳ ವಿಭೂತಿ. ಬೆಳ್ಳಗೆ, ಈಗಷ್ಟೇ ಎಳೆದಂತೆ.

ಅವಳು ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ನೂಕಿದಳು. ಮೀರಾಸಾಬ ಕೈನೀಡಿ ಆ ಗೆರೆಗಳನ್ನು ಮುಟ್ಟಿದ, ಬೆರಳನ್ನು ನೋಡಿಕೊಂಡ.

"ಅಕಿನ," ಎಂದ. "ಇನ್ನ ಹೊಳಿ ಕಡೆ ಇಳಕಲ. ಎಲ್ಲಿ ರಸ್ತೆ ಇಳೀತೈತಿ ನೋಡು."

ರಸ್ತೆ ಅಲ್ಲಿಂದ ಇಳಿಜಾರಾಗಿ, ಮನೆಗಳು ಮುಗಿಯುವಲ್ಲಿ ಜಾಲಿಯ ಪೊದೆಗಳ ಬಯಲಿಗೆ ಬಿದ್ದಿತ್ತು. ಬಯಲಿನಾಚೆ ಮಳೆನೀರು ಹರಿದುಹೋಗಲೆಂದು ಕಟ್ಟಿದ ಕಾಲುವೆ. ಅದಕ್ಕಿಳಿಯಲು ಸಿಮೆಂಟಿನ ಮೆಟ್ಟಿಲುಗಳು. ಕಾಲುವೆ ಒಣಗಿ ಬಾಯ್ಬಿಟ್ಟಿತ್ತು. ಕಡೆಯ ಮೆಟ್ಟಿಲಿನ ಮೇಲೆ ತಾಯವ್ವ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ಬರಿಯ ತಂಬಿಗೆ.

ರಾಧಿಕಾ ಕುರ್ಚಿಯನ್ನು ಪೊದೆಯ ನೆರಳಿಗೆ ಬಿಟ್ಟು ಜಾರುತ್ತ ಇಳಿದಳು. ಮುದುಕಿಯ ಚರ್ಮ ಕಾದ ಹಂಚಿನಂತಿತ್ತು, ಒಂದು ಹನಿ ಬೆವರಿರಲಿಲ್ಲ. ತುಟಿಗಳು ಒಡೆದು ಕಪ್ಪಾಗಿದ್ದವು. ನಾಡಿ ತೆಳ್ಳಗೆ, ಅವಸರದಿಂದ ಓಡುತ್ತಿತ್ತು. ದುಂಡೇಶನಿಗೆ ಫೋನು ಮಾಡಿ ವ್ಯಾನನ್ನು ಇತ್ತ ತಿರುಗಿಸಲು ಕೂಗಿದಳು. ಅವನು ಬರಲು ಹೊತ್ತು ಹಿಡಿಯುವುದಿತ್ತು. ತನ್ನ ದುಪಟ್ಟಾವನ್ನು ಒಂದು ಬಾಟಲಿಯ ನೀರಿನಿಂದ ತೋಯಿಸಿ ಮುದುಕಿಯ ಕೊರಳಿಗೂ ಕಂಕುಳಿಗೂ ಒತ್ತಿದಳು. ಇನ್ನೊಂದನ್ನು ತೆರೆದು ತುಟಿಗೆ ಹಿಡಿದಳು.

ತಾಯವ್ವ ಹಲ್ಲು ಬಿಗಿದು ಮುಖ ತಿರುಗಿಸಿದಳು.

"ಆಯಿ, ಕುಡೀರಿ. ಒಂದ ಗುಟುಕು."

"ಲಿಂಗಕ್ಕ ನೀರಿಲ್ಲ." ಮಾತು ತೊದಲುತ್ತಿತ್ತು. "ಹೊಳಿ ಬತ್ತೈತಿ. ನಾ ಕುಡಿಯಾಂಗಿಲ್ಲ."

"ಈ ನೀರು ಲಿಂಗಕ್ಕ ಹಾಕ್ರಿ. ಹಾಕಿ ಕುಡೀರಿ."

"ಅದು ನಳದ್ದು. ಹೊಳಿದಲ್ಲ." ಮುದುಕಿ ರಾಧಿಕಾಳ ಮುಖವನ್ನು ನೋಡಿದಳು, ಗುರುತು ಹಿಡಿಯಲಿಲ್ಲ. "ಆ ಹುಡುಗಿ ಹೇಳ್ಯಾಳ."

"ಯಾವ ಹುಡುಗಿ?"

"ಆಶ್ರಮದಾಗ ಇರ್ತಾಳಲ್ಲ, ಗ್ವಾಡಿ ಮ್ಯಾಲ ಬರಿಯಾಕಿ. ಶಾಣ್ಯಾ ಹುಡುಗಿ. ಕಲತಾಕಿ. ಸುಳ್ಳು ಹೇಳಾಕಿ ಅಲ್ಲ."

ಆಡಿದ ಮಾತುಗಳನ್ನೆಲ್ಲ ಮರೆಯುವ ಆ ಮನಸ್ಸು ಇದೊಂದನ್ನು ಕಲ್ಲಿನಲ್ಲಿ ಕೊರೆದಂತೆ ಹಿಡಿದಿಟ್ಟುಕೊಂಡಿತ್ತು. ಆ ಮಾತಿನ ಮೇಲಿನ ನಂಬಿಕೆಯಿಂದಲೇ ಈಗ ಪ್ರಾಣ ಬಿಡಲು ಕುಳಿತಿತ್ತು. ರಾಧಿಕಾಳ ಕೈಯಲ್ಲಿದ್ದ ಬಾಟಲಿ ವಾಲಿತು. ನೀರು ಚೆಲ್ಲಿ ಮೆಟ್ಟಿಲಿನ ಮೇಲೆ ಬಿದ್ದು, ನೋಡುತ್ತಿದ್ದಂತೆಯೇ ಆರಿತು. ಆಗ ಅವಳಿಗೆ ಹೊಳೆಯಿತು: ಈ ನೀರು ಬರುವುದೆಲ್ಲಿಂದ? ನವನಗರದ ನಳಗಳಿಗೆ ನೀರನ್ನೆತ್ತುವುದು ಆ ಘಟಪ್ರಭೆಯಿಂದಲೇ ಅಲ್ಲವೆ? ದಿನವೂ ಬಸ್ಸಿನ ಕಿಟಕಿಯಿಂದ ಆ ದಪ್ಪ ಕೊಳವೆಗಳ ಸಾಲನ್ನು ನೋಡಿಕೊಂಡೇ ಅವಳು ಕೆಲಸಕ್ಕೆ ಬರುತ್ತಿದ್ದಳು. ಸತ್ಯವೆಂದು ತಾನು ವಾರವಾರವೂ ನುಡಿದದ್ದು ಸತ್ಯವೂ ಆಗಿರಲಿಲ್ಲ.

"ಆ ಹುಡುಗಿಗೆ ಗೊತ್ತಿರಲಿಲ್ಲ, ಆಯಿ. ತಪ್ಪು ಹೇಳ್ಯಾಳ. ಇದು ಹೊಳಿ ನೀರ. ಅಲ್ಲಿಂದನ ಪೈಪಿನಾಗ ಎತ್ತಿ ನಳಕ್ಕ ಬಿಡ್ತಾರ."

"ಕಲತಾಕಿ ತಪ್ಪು ಹೇಳ್ತಾಳೇನು?" ತಾಯವ್ವ ಕಣ್ಣು ಮುಚ್ಚಿದಳು. "ನೀ ಯಾರವ್ವ? ನನ್ನ ನೇಮಾ ಕೆಡಸಬ್ಯಾಡ. ಹೋಗು."

ರಾಧಿಕಾ ಅವಳ ಪಾದಗಳನ್ನು ಹಿಡಿದುಕೊಂಡಳು. ಬೇಡಿದಳು, ಆಣೆಯಿಟ್ಟಳು, ಅತ್ತಳು. ಬಿಗಿದ ತುಟಿಗಳು ತೆರೆಯಲಿಲ್ಲ. ಬಲವಂತದಿಂದ ಸುರಿದರೆ ಉಸಿರುಗೊಳವೆಗೆ ಹೋದೀತು. ಓದಿದ್ದೆಲ್ಲ ಅಲ್ಲಿಗೆ ಮುಗಿದಿತ್ತು.

ಮೇಲಿನಿಂದ ಮೀರಾಸಾಬನ ಧ್ವನಿ ಬಂತು.

"ಏ ತಾಯವ್ವಾ! ಯಾರ ಮಾತು ಕಟಗೊಂಡು ಕುಂತಿ? ಆ ಹುಡುಗಿ ಈ ಊರಾಕಿ ಅಲ್ಲ. ಹುನಗುಂದದಾಕಿ!"

ಮುದುಕಿಯ ರೆಪ್ಪೆಗಳು ಅಲುಗಿದವು. "ಯಾರದು? ಟಾಂಗಾ ಸಾಬ?"

"ಹೌದು, ಉದ್ರಿ ಸಾಬ. ಕೇಳಿಲ್ಲಿ. ಹುನಗುಂದದಾಕಿಗೆ ನಮ್ಮ ಹೊಳಿ ಸುದ್ದಿ ಏನು ಗೊತ್ತು? ಅಕಿ ಹುಟ್ಟೂಕಿಂತ ಮೊದಲ ಈ ನೀರು ಕುಡದಾವ ನಾ. ರುಚಿ ನನಗ ಗೊತ್ತಿಲ್ಲೇನು? ಕುಡದ ನೋಡೀನಿ. ನಮ್ಮ ಹೊಳಿದ ಐತಿ."

ತಾಯವ್ವ ಬಾಟಲಿಯತ್ತ ಮುಖ ಹೊರಳಿಸಿದಳು.

"ಹುನಗುಂದದಾಕೇನು?" ಮುದುಕಿಯ ದನಿಯಲ್ಲಿ ಹಳೆಯ ಖಾನಾವಳಿಯ ಒಡತಿಯ ತಾತ್ಸಾರದ ಎಳೆಯೊಂದು ಮೂಡಿತು. "ಮೊದಲ ಹೇಳಬಾರದ? ಅಲ್ಲಿಯವರಿಗೆ ಹೊಳಿ ಎಲ್ಲಿಂದ ಗೊತ್ತಾಗಬೇಕು."

"ಹೌದ್ರಿ ಆಯಿ," ಎಂದಳು ರಾಧಿಕಾ. "ಅಕಿಗೆ ಏನೂ ಗೊತ್ತಿಲ್ಲ."

ತಾಯವ್ವನ ಕೈ ಕೊರಳಿಗೆ ಹೋಯಿತು. ಕರಡಿಗೆ ತೆರೆಯಲು ಬೆರಳುಗಳಿಗೆ ಶಕ್ತಿಯಿರಲಿಲ್ಲ. ರಾಧಿಕಾ ತೆರೆದು, ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟು, ಆ ಅಂಗೈ ಬೀಳದಂತೆ ತನ್ನ ಕೈಯನ್ನು ಕೆಳಗೆ ಹಿಡಿದಳು. ಬಾಟಲಿಯ ನೀರನ್ನು ತಂಬಿಗೆಗೆ ಸುರಿದು, ತಂಬಿಗೆಯಿಂದ ಎಳೆಯಾಗಿ ಲಿಂಗದ ಮೇಲೆರೆದಳು. ಮುದುಕಿಯ ತುಟಿಗಳು ಶಬ್ದವಿಲ್ಲದೆ ಆಡಿದವು. ಅಂಗೈಯಲ್ಲಿ ನಿಂತ ನೀರನ್ನು ಅವಳು ತಾನಾಗಿಯೇ ಬಾಯಿಗೆತ್ತಿದಳು. ಗಂಟಲು ಒಮ್ಮೆ ಏರಿಳಿಯಿತು. ರಾಧಿಕಾ ಮತ್ತೆ ಎರೆದಳು. ಮತ್ತೆ ಗಂಟಲು ಏರಿಳಿಯಿತು. ಮೂರನೆಯ ಸಲ ಅರ್ಧ ನೀರು ಗದ್ದದ ಮೇಲೆ ಹರಿದುಹೋಯಿತು, ತಾಯವ್ವನ ತಲೆ ಅವಳ ತೋಳಿನ ಮೇಲೆ ವಾಲಿತು.

ಮೇಲೆ ವ್ಯಾನಿನ ಸದ್ದು ಕೇಳಿಸಿತು. ದುಂಡೇಶನೂ ಅವಳೂ ಮುದುಕಿಯನ್ನು ಹೊತ್ತು ಹಿಂದಿನ ಆಸನದ ಮೇಲೆ ಮಲಗಿಸಿದರು, ಮೀರಾಸಾಬನನ್ನು ಮುಂದೆ ಕೂರಿಸಿದರು. ದವಾಖಾನೆಯತ್ತ ವ್ಯಾನು ಹಾರತೊಡಗಿತು. ರಾಧಿಕಾಳ ಫೋನು ಮತ್ತೆ ಬಡಿದುಕೊಂಡಿತು. ಅವಳು ನೋಡಲಿಲ್ಲ. ಒಂದು ಕೈಯಿಂದ ಒದ್ದೆ ಬಟ್ಟೆಯನ್ನು ಒತ್ತುತ್ತ, ಇನ್ನೊಂದರ ಎರಡು ಬೆರಳುಗಳನ್ನು ತಾಯವ್ವನ ಮಣಿಕಟ್ಟಿನ ಮೇಲಿಟ್ಟು, ಇದ್ದ ದೇವರನ್ನೆಲ್ಲ ನೆನೆಯುತ್ತಿದ್ದಳು. ನಾಡಿ ಸಿಗುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಸಿಗುತ್ತಿತ್ತು.

"ಅಕಿ ಮಾತಾಡಾಕತ್ತಾಳೇನು?" ಮುಂದಿನಿಂದ ಮೀರಾಸಾಬ ಕೇಳಿದ.

"ಇಲ್ಲ, ಅಜ್ಜಾ."

"ಮಾತಾಡಿಸು. ಅಕಿ ಸುಮ್ಮನ ಇದ್ರ ನನಗ ಅಂಜಿಕಿ."

ತಿರುವೊಂದರಲ್ಲಿ ವ್ಯಾನು ಜೋಲಿಹೊಡೆದಾಗ ತಾಯವ್ವ ಕಣ್ಣು ತೆರೆದಳು. ಕಣ್ಣುಗಳಲ್ಲಿ ನೀರಿರಲಿಲ್ಲ, ಹೊಳಪಿರಲಿಲ್ಲ. ಒಡೆದ ತುಟಿಗಳು ಬಹಳ ಪ್ರಯಾಸದಿಂದ ಬಿಚ್ಚಿಕೊಂಡವು.

"ಏ ಹುಡುಗಿ, ಬಾಗಲಕೋಟಿಗೆ ಹೋಗೂದು ಯಾವಾಗ?"

ರಾಧಿಕಾಳ ಅಳು ಒಡೆದು ಬಂತು. ವಾರಗಟ್ಟಲೆ ಯಾವ ಪ್ರಶ್ನೆ ನಿಂತುಹೋದದ್ದನ್ನು ತನ್ನ ವಿದ್ಯೆಯ ಫಲವೆಂದು ಬರೆದಿದ್ದಳೋ, ಆ ಪ್ರಶ್ನೆಗಿಂತ ಮಿಗಿಲಾದ ವರ ಆ ಹೊತ್ತಿಗೆ ಬೇರೊಂದಿರಲಿಲ್ಲ.

"ನೀವ ಹೇಳ್ರಿ ಆಯಿ," ಎಂದಳು ಅವಳ ಕಿವಿಗೆ ಬಾಗಿ, "ನಾ ಹುನಗುಂದದಾಕಿ. ನನಗ ಗೊತ್ತಿಲ್ಲ. ನಿಮ್ಮ ಖಾನಾವಳಿ ಬಾಗಲ ಯಾವ ಕಡೆ ಐತಿ? ಬಾಗಲಮುಂದ ಏನೈತಿ?"

"ಬಾಗಲಮುಂದ..." ತಾಯವ್ವ ನಿಂತಳು. ಉಸಿರನ್ನು ಹುಡುಕಿಕೊಂಡಳು. "ಬಾಗಲಮುಂದ ಟಾಂಗಾ ನಿಂತಿರ್ತೈತಿ. ಆ ಸಾಬ ಅಲ್ಲಿಂದ ಸರಿಯಾಂಗಿಲ್ಲ. ಗಿರಾಕಿ ಒಳಗ ಹ್ಯಾಂಗ ಬರಬೇಕು?"

ಮುಂದಿನ ಆಸನದಲ್ಲಿ ಮೀರಾಸಾಬ ಒದ್ದೆ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡಿದ್ದ.

"ಆಮ್ಯಾಲ, ಆಯಿ? ಬಲಕ್ಕ ಹೊಳ್ಳಿದ್ರ?"

ದವಾಖಾನೆಯ ಗೇಟು ಕಾಣಿಸಿತು. ಮಣಿಕಟ್ಟಿನ ಮೇಲಿನ ಬೆರಳುಗಳನ್ನು ರಾಧಿಕಾ ಇನ್ನಷ್ಟು ಒತ್ತಿದಳು.

"ಬಲಕ್ಕ..." ಎಂದಳು ತಾಯವ್ವ.